ವಖಾರಿಯ ಬಾಗಿಲಿಗೆ ಅಂಟಿಸಿದ ನೋಟಿಸು

ಸವಣೂರಿನ ಆ ಎಲೆತೋಟಕ್ಕೆ ಮೊದಲ ಸಲ ಹೋದಾಗ ತೋಟದ ಯಜಮಾನರು ನನಗೆ ಏನನ್ನೂ ವಿವರಿಸಲು ಹೋಗಲಿಲ್ಲ. ಬಾವಿಯ ನೀರನ್ನು ತಂಬಿಗೆಯಲ್ಲಿ ತಂದು ಕೈಗೆ ಕೊಟ್ಟು, ‘ಬಾಯಾಗ ಹಾಕ್ಕೊಂಡ ನೋಡ್ರಿ ಮೇಡಮ್ಮಾರ’ ಎಂದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿದೆ. ಉಪ್ಪು, ಉಪ್ಪಿನ ಹಿಂದೆಯೇ ನಾಲಿಗೆಯ ಬುಡಕ್ಕೆ ಅಂಟಿಕೊಳ್ಳುವ ಒಂದು ಕಹಿ.

‘ನೀವ ಉಗುಳಿದ್ರಿ. ಬಳ್ಳಿಗೆ ಉಗುಳಾಕ ಬರಂಗಿಲ್ಲಲ್ರಿ,’ ಎಂದರು ಅವರು.

ಆಸರೆಗೆಂದು ನೆಟ್ಟ ಚೊಗಚಿ ಗಿಡಗಳಿಗೆ ಹಬ್ಬಿಸಿದ್ದ ವೀಳ್ಯದೆಲೆ ಬಳ್ಳಿಗಳು ಸಾಲುಸಾಲಾಗಿ ಸೊರಗಿ ನಿಂತಿದ್ದವು. ಎಲೆಯ ಅಂಚು ದೀಪಕ್ಕೆ ಹಿಡಿದಂತೆ ಕಂದಿತ್ತು. ತುದಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಅವರ ಹೆಂಡತಿ ಬುಟ್ಟಿ ಹಿಡಿದುಕೊಂಡು ಸಾಲಿನಲ್ಲಿ ಓಡಾಡುತ್ತಿದ್ದರು, ಆದರೆ ಬುಟ್ಟಿಯ ತಳ ಮುಚ್ಚುವಷ್ಟು ಒಳ್ಳೆಯ ಎಲೆಯೂ ಅವರಿಗೆ ಸಿಕ್ಕಿರಲಿಲ್ಲ. ಅದು ಅಜ್ಜನ ಕಾಲದ ತೋಟ. ಮುದಿಯಾದ ಬಳ್ಳಿಯನ್ನು ಇಳಿಸಿ ಮಣ್ಣಿನಲ್ಲಿ ಹುಗಿದು, ಮತ್ತೆ ಚಿಗುರಿಸಿ ಹಬ್ಬಿಸುತ್ತ ಆ ಮನೆಯವರು ಅದನ್ನು ಉಳಿಸಿಕೊಂಡು ಬಂದಿದ್ದರು.

ನಾನು ಆಗ ಜಿಲ್ಲೆಯ ಪರಿಸರ ಅಧಿಕಾರಿಯ ಕಚೇರಿಯಲ್ಲಿ ಸಹಾಯಕ ಅಧಿಕಾರಿಯಾಗಿದ್ದೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಿಂದ ಬರುವ ದೂರುಗಳೆಲ್ಲ ನನ್ನ ಮೇಜಿಗೆ. ಅಂದು ಬೆಳಿಗ್ಗೆ ಹಾನಗಲ್ಲಿನ ಒಂದು ಅಕ್ಕಿ ಗಿರಣಿಯ ಬೂದಿಯ ಗಲಾಟೆ ಮುಗಿಸಿಕೊಂಡು ಬಂದಿದ್ದೆ, ಸಂಜೆಯೊಳಗೆ ಶಿಗ್ಗಾವಿಗೆ ಹೋಗಬೇಕಿತ್ತು. ಜೊತೆಗೆ ನಮ್ಮ ಕ್ಷೇತ್ರ ಸಹಾಯಕರಿದ್ದರು, ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಮನುಷ್ಯ. ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ಅಲುಬಿ, ಕಂಠಮಟ್ಟ ತುಂಬಿ, ಚೀಟಿ ಅಂಟಿಸಿ, ಯಜಮಾನರ ಸಹಿ ಹಾಕಿಸಿ ಅವರು ಐಸ್ ಪೆಟ್ಟಿಗೆಯಲ್ಲಿಟ್ಟರು. ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಸಣ್ಣ ಮೀಟರನ್ನು ನಾನು ಬಕೆಟ್ಟಿನಲ್ಲಿ ಅದ್ದಿದೆ. ಅಂಕಿ ಏರುತ್ತ ಹೋಯಿತು. ಮೀಟರು ಕೆಟ್ಟಿರಬಹುದೆಂದು ಕುಡಿಯುವ ನೀರಿನ ಬಾಟಲಿಯಲ್ಲಿ ಅದ್ದಿ ನೋಡಿದೆ. ಕೆಟ್ಟಿರಲಿಲ್ಲ.

‘ಯಾರ ಮೇಲಾದರೂ ಅನುಮಾನ ಇದೆಯಾ?’ ಎಂದು ಕೇಳಿದೆ.

‘ಅನುಮಾನಾ ಅಂತ ನಾ ಯಾರ ಹೆಸರೂ ಹೇಳೂದಿಲ್ರಿ. ನೀವ ಓದಿದವರದೀರಿ, ನೀವ ನೋಡ್ರಿ.’

ನೋಡಲು ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ತೋಟದಿಂದ ಏರಿನ ಕಡೆಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ತೊಗಲಿನ ವಖಾರಿ ಇತ್ತು. ಸವಣೂರು, ಬಂಕಾಪುರ, ಶಿಗ್ಗಾವಿಯ ಕಟುಕರಿಂದ ಆಡು ಕುರಿಗಳ ತೊಗಲು ಕೊಂಡು, ಉಪ್ಪು ಸವರಿ ಒಟ್ಟಿ, ಲಾರಿ ತುಂಬುವಷ್ಟಾದ ಮೇಲೆ ಮದ್ರಾಸ್ ಕಡೆಯ ಹದ ಮಾಡುವ ಕಾರ್ಖಾನೆಗಳಿಗೆ ಕಳಿಸುವ ಗೋದಾಮು ಅದು. ಬಾಗಿಲ ಬಳಿ ಉಪ್ಪಿನ ಚೀಲಗಳು. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಹಿಂದಿನ ಚರಂಡಿ ಒಣಗಿತ್ತು, ಅಂಚಿನಲ್ಲಿ ಬಿಳಿಯ ಉಪ್ಪು ಹೊಪ್ಪಳೆಗಟ್ಟಿತ್ತು. ಒಳಗಿದ್ದ ಇಬ್ಬರು ಆಳುಗಳು ಮಾಲೀಕರ ಫೋನ್ ನಂಬರು ಕೊಟ್ಟರು. ಅದನ್ನು ತಪಾಸಣಾ ವರದಿಯಲ್ಲಿ ಬರೆದುಕೊಂಡೆ. ಪರಿಸರ ಅನುಮತಿ ಪತ್ರ ಕೇಳಿದೆ. ಅಂಥದ್ದೊಂದು ಇರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅಲ್ಲಿಗೆ ನನ್ನ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ತೋಟದ ಬಾವಿಯ ನೀರಿಗೆ ಯಾವ ವಾಸನೆಯೂ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಗಮನಿಸಿ, ದಾಟಿಕೊಂಡು ಹೋದೆ.

ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿ ಬರುವ ಮೊದಲೇ ತೋಟಗಾರರು ಒಣಗಿದ ಬಳ್ಳಿಗಳನ್ನು ತಂದು ತಹಸೀಲ್ದಾರ ಕಚೇರಿಯ ಎದುರು ರಸ್ತೆಗೆ ಸುರಿದು ಕುಳಿತರು. ಮೇಲಿನವರಿಂದ ನಮ್ಮ ಹಿರಿಯ ಅಧಿಕಾರಿಗೆ ಫೋನು ಬಂತು. ಅವರು ನನ್ನನ್ನು ಕರೆದು, ‘ಅನುಮತಿ ಇಲ್ಲ ಅಂತ ನೀವ ಬರದೀರಿ. ಇವತ್ತ ಬೀಗ ಹಾಕಿ ದಂಡ ಹಾಕಿಬಿಡೂಣಲ್ಲ, ಮಂದೀನೂ ಸುಮ್ಮನಾಗ್ತಾರ’ ಎಂದರು.

ನಾನು ಒಪ್ಪಲಿಲ್ಲ. ದಂಡ ಹಾಕುವ ಮೊದಲು ಆರೋಪ ಇಂಥದ್ದೆಂದು ತಿಳಿಸಬೇಕು, ಹದಿನೈದು ದಿನ ಕೊಡಬೇಕು, ಅವರ ಹೇಳಿಕೆ ಕೇಳಬೇಕು. ಕೇಳದೆ ಹಾಕಿದ ದಂಡ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಇದನ್ನೆಲ್ಲ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು ಅಂತ ಕಾಣುತ್ತದೆ, ಪಕ್ಕದ ಕೋಣೆಯವರು ಇಣುಕಿ ನೋಡಿದರು. ಹಿರಿಯರು ಕೊನೆಗೆ, ‘ಆತು. ನೋಟಿಸ್ ಕೊಡ್ರಿ. ಆದ್ರ ಇವತ್ತ ಸಂಜಿ ಒಳಗ ಜಾರಿ ಆಗಿರಬೇಕು. ಮ್ಯಾಲ ಕೇಳ್ತಾರ’ ಎಂದರು. ಆ ಮಧ್ಯಾಹ್ನ ನೋಟಿಸಿನ ಕರಡು ಬರೆಯುವಾಗ ನನಗೆ ಹೆಮ್ಮೆಯಿತ್ತು. ಒಬ್ಬ ಮನುಷ್ಯನ ಮಾತು ಕೇಳುವ ಹಕ್ಕನ್ನು ಉಳಿಸಿದೆ ಎಂಬ ಹೆಮ್ಮೆ. ‘ಬಾವಿಯ ನೀರನ್ನು ಕಲುಷಿತಗೊಳಿಸಿರುವುದಾಗಿ ಆರೋಪವಿದ್ದು, ತಮ್ಮ ಮೇಲೆ ಏಕೆ ದಂಡ ವಿಧಿಸಬಾರದೆಂಬುದಕ್ಕೆ ಹದಿನೈದು ದಿನದೊಳಗೆ ಕಾರಣ ನೀಡತಕ್ಕದ್ದು.’ ‘ಆರೋಪವಿದ್ದು’ ಎಂಬ ಪದವನ್ನು ಬೇಕೆಂದೇ ಹಾಕಿದೆ.

ಸವಣೂರಿಗೆ ಹೋದರೆ ವಖಾರಿಯಲ್ಲಿ ಮಾಲೀಕರಿರಲಿಲ್ಲ. ಹಿಂದಿನ ಓಣಿಯಲ್ಲೇ ಅವರ ಮನೆ. ಅವರ ಹೆಂಡತಿ ಪರದೆಯ ಪಕ್ಕದಲ್ಲಿ ನಿಂತು ಮಾತಾಡಿದರು.

‘ಅವರು ಮಾಲ ತಗೊಂಡ ಮದ್ರಾಸ್ ಕಡೆ ಹೋಗ್ಯಾರ್ರಿ. ಬರಾಕ ಇನ್ನ ಮೂರ್ನಾಕ ದಿನಾ ಆಕ್ಕೈತಿ. ಬಂದ ಕೂಡ್ಲೆ ನಿಮ್ಮ ಆಫೀಸಿಗೆ ಕಳಸ್ತೇನಿ. ನಂಬರ ಕೊಡ್ಲಿ? ಈಗ ಮಾತಾಡ್ರಿ ಬೇಕಾದ್ರ.’

‘ನಂಬರ್ ಇದೆ. ನೀವೇ ಸಹಿ ಹಾಕಿ ತೆಗೆದುಕೊಳ್ಳಿ,’ ಎಂದೆ.

‘ಅವರನ್ನ ಕೇಳಲಾರದ ನಾ ಸಹಿ ಮಾಡೂದಿಲ್ರಿ. ಸಿಟ್ಟ ಮಾಡ್ಕೋಬ್ಯಾಡ್ರಿ. ಅಲ್ಲೀತನಾ ನಿಮ್ಮ ಕಡೆನ ಇಟ್ಕೋರಿ.’

ಕೈಯಲ್ಲಿ ಕೊಡಲಾಗದಿದ್ದರೆ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು ಎಂದು ನಿಯಮದಲ್ಲಿದೆ. ಸಂಜೆಯೊಳಗೆ ಜಾರಿ ಆಗಬೇಕಿತ್ತು. ಒಂದು ಫೋನು ಮಾಡಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ಮಾಡಿದ್ದರೆ ಅವರು ಏನಾದರೂ ಹೇಳುತ್ತಿದ್ದರು, ನಾಲ್ಕು ದಿನ ತಡೆಯಿರಿ ಎನ್ನುತ್ತಿದ್ದರು, ನಾನು ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತಿತ್ತು. ಮಾಡಲಿಲ್ಲ. ವಖಾರಿಯ ಬಾಗಿಲಿಗೆ ನಮ್ಮ ಸಹಾಯಕರು ಗೋಂದು ಸವರಿದರು. ಗಾಳಿಗೆ ಕಾಗದ ಹಾರುತ್ತಿತ್ತು, ಮೇಲಿನ ಎರಡು ಮೂಲೆಗಳನ್ನು ನಾನು ಒತ್ತಿ ಹಿಡಿದೆ. ಜಾರಿಯಾದದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆದೆವು. ಅಷ್ಟರಲ್ಲಿ ಸುತ್ತ ಹತ್ತಾರು ಮಂದಿ ಸೇರಿದ್ದರು. ಅವರೂ ಫೋಟೋ ತೆಗೆದರು. ಒಂದು ಪ್ರತಿ ಪುರಸಭೆಗೆ, ಒಂದು ಪ್ರತಿ ತೋಟಗಾರರಿಗೆ ಕೊಟ್ಟು ಹೊರಟೆವು.

ಆಮೇಲೆ ನಾನು ಮಾಡಿದ್ದು ಬಹಳ ಸರಳ. ಕಡತದ ಮೇಲೆ ಗಡುವಿನ ತಾರೀಖು ಬರೆದು ಕಪಾಟಿನಲ್ಲಿಟ್ಟೆ. ಹದಿನೈದು ದಿನ ಮುಗಿಯುವತನಕ ಅದರಲ್ಲಿ ನನಗೆ ಕೆಲಸವಿಲ್ಲ ಎಂದುಕೊಂಡೆ. ಹಿರೇಕೆರೂರಿನ ಒಂದು ಬೀಜ ಸಂಸ್ಕರಣಾ ಘಟಕದ ತಪಾಸಣೆಗೆ ಹೋದೆ, ಬರುವಾಗ ರಟ್ಟೀಹಳ್ಳಿಯಲ್ಲಿ ಊಟ ಮಾಡಿದೆ. ನೋಟಿಸು ಕೊಟ್ಟಾಗಿದೆ ಎಂಬುದೇ ಕೆಲಸ ಮಾಡಿ ಮುಗಿಸಿದಷ್ಟು ಸಮಾಧಾನ ಕೊಟ್ಟಿತ್ತು.

ಊಟ ಮಾಡುವಾಗಲೇ ನಮ್ಮ ಸಹಾಯಕರು ತಮ್ಮ ಫೋನನ್ನು ನನ್ನ ಕಡೆ ತಿರುಗಿಸಿದ್ದರು. ಸವಣೂರಿನ ಯಾವುದೋ ಗುಂಪಿನಲ್ಲಿ ಬಂದಿದ್ದ ಫೋಟೋ. ಬಾಗಿಲು, ನೋಟಿಸು, ಅದನ್ನು ಒತ್ತಿ ಹಿಡಿದ ನನ್ನ ಕೈ, ಕೈಯಲ್ಲಿದ್ದ ಗಡಿಯಾರ. ಕೆಳಗೆ ಯಾರೋ ಬರೆದಿದ್ದರು: ‘ಬಾವಿಗೆ ವಿಷ ಬಿಟ್ಟವರು ಸಿಕ್ಕಿಬಿದ್ದರು.’ ನೋಟಿಸಿನ ಅಕ್ಷರಗಳು ಆ ಫೋಟೋದಲ್ಲಿ ಓದಲು ಬರುವಂತಿರಲಿಲ್ಲ. ಸರಕಾರದ ಮೊಹರು ಮಾತ್ರ ಸ್ಪಷ್ಟವಾಗಿತ್ತು.

‘ವಖಾರಿ ಬಾಡಿಗಿಗೆ ಕೊಟ್ಟಿದ್ದ ಜಾಗಾದ ಮಾಲಕರು ಬಂದು ಬೀಗಾ ಜಡದಾರಂತ್ರಿ,’ ಎಂದರು ಸಹಾಯಕರು.

‘ನಾವು ಬೀಗ ಹಾಕಲು ಹೇಳಿಲ್ಲವಲ್ಲ.’

‘ಹೇಳಿಲ್ರಿ. ಆದ್ರ ಹಾಕ್ಯಾರ.’

ಆ ಬೀಗದ ಒಳಗೆ ಏನಿತ್ತು ಎಂದು ಆಗ ನಾನು ಯೋಚಿಸಲಿಲ್ಲ. ಹಸಿ ತೊಗಲನ್ನು ತಂದ ಕೆಲವೇ ತಾಸುಗಳೊಳಗೆ ಉಪ್ಪು ಸವರಬೇಕು. ಇಲ್ಲದಿದ್ದರೆ ಕೂದಲು ಉದುರಿ ಕೊಳೆಯಲು ಶುರುವಾಗುತ್ತದೆ. ಬೀಗ ಬಿದ್ದ ದಿನ ಬೆಳಿಗ್ಗೆ ಬಂದಿದ್ದ ತೊಗಲುಗಳು ಉಪ್ಪಿಲ್ಲದೆ ನೆಲದ ಮೇಲೆ ಬಿದ್ದಿದ್ದವು. ಆಳುಗಳು ಜನರಿಗೆ ಹೆದರಿ ಓಡಿಹೋಗಿದ್ದರು. ಮೂರನೆಯ ದಿನಕ್ಕೆ ಆ ವಾಸನೆ ಓಣಿಗೆಲ್ಲ ಹಬ್ಬಿತು. ನೋಡಿದಿರಾ, ಇಂಥವರು ಬಾವಿಗೆ ಇನ್ನೇನು ಬಿಟ್ಟಿರಲಿಕ್ಕಿಲ್ಲ ಎಂದು ಜನ ಆಡಿಕೊಂಡರಂತೆ. ಕಟುಕರು ಬಂಕಾಪುರದ ಬೇರೆ ವ್ಯಾಪಾರಿಗೆ ತೊಗಲು ಹಾಕತೊಡಗಿದರು.

ವಖಾರಿಯ ಮಾಲೀಕರು ಊರಿಗೆ ಬಂದ ಮರುದಿನವೇ ನಮ್ಮ ಕಚೇರಿಗೆ ಬಂದರು. ಐವತ್ತು ದಾಟಿದ, ನೀಟಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ ಮನುಷ್ಯ. ಕೂಗಾಡುತ್ತಾರೆ ಎಂದುಕೊಂಡು ನಾನು ಸಹಾಯಕರನ್ನು ಒಳಗೇ ನಿಲ್ಲಿಸಿಕೊಂಡಿದ್ದೆ. ಅವರು ಕೂಗಾಡಲಿಲ್ಲ.

‘ನಾ ಊರಾಗ ಇಲ್ಲ ಅನ್ನೂದ ನಿಮಗ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

‘ನನ್ನ ನಂಬರ?’

‘ಇತ್ತು.’

ತಲೆಯಾಡಿಸಿದರು. ಜೇಬಿನಿಂದ ನೋಟಿಸನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಬಾಗಿಲಿನಿಂದ ಕಿತ್ತಿದ್ದರಿಂದ ಹಿಂಬದಿಗೆ ನೀಲಿ ಬಣ್ಣದ ಚಕ್ಕೆಗಳು ಅಂಟಿದ್ದವು.

‘ಇದರಾಗ ಏನ ಬರದೈತಿ, ಒಂದಸಲ ಓದಿ ಹೇಳ್ರಿ. ನಾ ಓದೇನಿ. ಆದ್ರ ನಿಮ್ಮ ಬಾಯಿಂದ ಕೇಳಬೇಕಾಗೇತಿ.’

ಓದಿದೆ. ಕಚೇರಿಯ ಕನ್ನಡವನ್ನು ಅದರ ಗುರಿಯಾದ ಮನುಷ್ಯನ ಎದುರು ಕುಳಿತು ಗಟ್ಟಿಯಾಗಿ ಓದುವುದು ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು.

‘ಆರೋಪ ಅಂದ್ರ ಇನ್ನೂ ನಕ್ಕಿ ಆಗಿಲ್ಲ. ಹೌದಲ್ರಿ?’

‘ಹೌದು. ನಿಮ್ಮನ್ನು ಕೇಳಬೇಕೆಂದೇ ನೋಟಿಸು ಕೊಡುವುದು.’

‘ನನ್ನ ಕೇಳಾಕ ಬರದದ್ದನ್ನ ಊರ ಮಂದಿಗೆ ಓದಾಕ ಹಚ್ಚೀರಿ.’

ನಿಯಮದಲ್ಲಿ ಹಾಗಿದೆ ಎಂದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅವರು ತಮ್ಮ ಹೇಳಿಕೆ ಬರೆಸಿದರು. ವಖಾರಿಯ ನೆಲ ತೊಳೆದ ನೀರು ಚರಂಡಿಗೆ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಅನುಮತಿ ಪತ್ರವಿಲ್ಲ, ಅದೂ ನಿಜ. ಅದಕ್ಕೆ ಏನು ಕಟ್ಟಬೇಕೋ ಕಟ್ಟುತ್ತೇನೆ. ಆದರೆ ಬಾವಿ ಕೆಟ್ಟದ್ದು ನನ್ನಿಂದ ಎಂದು ಒಪ್ಪುವುದಿಲ್ಲ. ತೋಟದ ಯಜಮಾನರೂ ತಾವೂ ಚಿಕ್ಕಂದಿನಿಂದ ಗೊತ್ತಿದ್ದವರು, ತಮ್ಮ ಮನೆಯ ಪ್ರತಿ ಮದುವೆಗೂ ಎಲೆ ಅದೇ ತೋಟದಿಂದ ಬಂದದ್ದು ಎಂದರು. ‘ನಿನ್ನೆ ಸಲಾಂ ಮಾಡಿದೆ. ಮಾರಿ ತಿರಿವಿಕೊಂಡ್ರು,’ ಎಂದು ಹೇಳಿ, ಅದನ್ನು ಬರೆಯಬೇಡಿ ಎಂಬಂತೆ ಕೈಯಾಡಿಸಿದರು.

ಪ್ರಯೋಗಾಲಯದ ವರದಿ ಬಂದದ್ದು ಅದಾದ ಎರಡು ದಿನಕ್ಕೆ. ನಿಂತುಕೊಂಡೇ ಓದಿದೆ, ಆಮೇಲೆ ಕುಳಿತು ಓದಿದೆ. ತೊಗಲಿಗೆ ಹಾಕುವುದು ಅಡುಗೆ ಉಪ್ಪಿನ ಜಾತಿಯದ್ದು, ಅದರಲ್ಲಿರುವುದು ಸೋಡಿಯಂ. ಬಾವಿಯ ನೀರಿನಲ್ಲಿ ಸೋಡಿಯಂ ಸಾಧಾರಣ ಮಟ್ಟದಲ್ಲೇ ಇತ್ತು. ಮಿತಿಮೀರಿ ಇದ್ದದ್ದು ಕ್ಯಾಲ್ಸಿಯಂ. ಮಾಂಸ, ರಕ್ತ, ಕೊಳೆತ ಪದಾರ್ಥ ಸೇರಿದ್ದರೆ ಕಾಣಬೇಕಾಗಿದ್ದ ಯಾವ ಗುರುತೂ ಇರಲಿಲ್ಲ. ತೊಗಲಿನ ವಖಾರಿಯಿಂದ ಬಂದ ನೀರು ಹೀಗಿರುವುದು ಸಾಧ್ಯವೇ ಇಲ್ಲ. ನಾಲಿಗೆಯ ಬುಡಕ್ಕೆ ಅಂಟಿದ್ದ ಆ ಕಹಿ ಕ್ಯಾಲ್ಸಿಯಂ ಉಪ್ಪಿನದು. ಓದಿದವಳಾಗಿ ಮೊದಲ ದಿನವೇ ಅದು ನನಗೆ ಹೊಳೆಯಬೇಕಿತ್ತು.

ಅಷ್ಟು ದಿನ ನಿಜವಾದ ಉಪ್ಪುನೀರು ಇನ್ನೆಲ್ಲಿಂದಲೋ ಇಳಿಯುತ್ತಲೇ ಇತ್ತು. ನೋಟಿಸು ಅಂಟಿಸಿದ ಮೇಲೆ ನಾನು ಹುಡುಕುವುದನ್ನೇ ನಿಲ್ಲಿಸಿದ್ದೆ.

ಅಂದೇ ಸವಣೂರಿಗೆ ಹೋದೆವು. ಈ ಸಲ ಕಣ್ಣಿಗೆ ಕಂಡದ್ದನ್ನು ನಂಬದೆ ಮೀಟರು ಹಿಡಿದು ಬಾವಿಯಿಂದ ಬಾವಿಗೆ ನಡೆದೆವು. ತೋಟದ ಬಾವಿ, ಪಕ್ಕದ ಹಿತ್ತಲಿನ ಬಾವಿ, ಹಳೆಯ ಮಸೀದಿಯ ಹಿಂದಿನ ಬಾವಿ, ಒಂದು ಬೋರು. ವಖಾರಿಯ ಕಡೆಗೆ ಹೋದಂತೆ ಅಂಕಿ ಇಳಿಯಿತು. ಎದುರು ದಿಕ್ಕಿಗೆ, ರಸ್ತೆ ದಾಟಿ ಆಚೆ ಬದಿಯ ಏರಿಗೆ ಹೋದಂತೆ ಏರಿತು. ಏರಿನ ತುದಿಯಲ್ಲಿ ಎತ್ತರದ ಕಾಂಪೌಂಡಿನ ಒಳಗೆ ಒಂದು ಐಸ್ ಫ್ಯಾಕ್ಟರಿ ಇತ್ತು. ಅದಕ್ಕೆ ಅನುಮತಿ ಪತ್ರ ಇತ್ತು, ಪ್ರತಿ ವರ್ಷ ಶುಲ್ಕ ಕಟ್ಟುತ್ತಿದ್ದರು. ಆದ್ದರಿಂದಲೇ ನಮ್ಮ ಕಚೇರಿಯಿಂದ ಯಾರೂ ಅಲ್ಲಿಗೆ ಹೋಗಿರಲಿಲ್ಲ.

ಐಸ್ ಫ್ಯಾಕ್ಟರಿಯಲ್ಲಿ ನೆಲದೊಳಗೆ ಇಳಿಸಿದ ಒಂದು ದೊಡ್ಡ ಕಬ್ಬಿಣದ ತೊಟ್ಟಿ ಇರುತ್ತದೆ. ಅದರ ತುಂಬ ಹೆಪ್ಪುಗಟ್ಟದ ಉಪ್ಪುನೀರು. ಸಿಹಿನೀರು ತುಂಬಿದ ಡಬ್ಬಿಗಳನ್ನು ಅದರಲ್ಲಿ ಇಳಿಬಿಟ್ಟರೆ ಡಬ್ಬಿಯೊಳಗಿನ ನೀರು ಮಂಜುಗಡ್ಡೆಯಾಗುತ್ತದೆ. ಇಲ್ಲಿ ಆ ತೊಟ್ಟಿಗೆ ಹಾಕುತ್ತಿದ್ದದ್ದು ಕ್ಯಾಲ್ಸಿಯಂ ಉಪ್ಪು. ಮೂಲೆಯಲ್ಲಿ ಅದರ ಚೀಲಗಳು ಎದೆಯ ಮಟ್ಟಕ್ಕೆ ಒಟ್ಟಿದ್ದವು.

ಮಾಲೀಕರು ಊರಿನ ನಾಲ್ಕು ಮಂದಿ ಮರ್ಯಾದೆ ಕೊಡುವ ಹಿರಿಯರು. ‘ಬರ್ರಿ ಬರ್ರಿ, ಮೊದಲ ಚಾ ತಗೋರಿ’ ಎಂದು ಕುರ್ಚಿ ಹಾಕಿಸಿದರು. ಉಪ್ಪು ಎಷ್ಟು ದಿನಕ್ಕೊಮ್ಮೆ ಸೇರಿಸುತ್ತೀರಿ ಎಂದು ಕೇಳಿದೆ.

‘ಮೊದಲ ವರ್ಷಕ್ಕ ಒಂದೆರಡ ಸಲ ಹಾಕ್ತಿದ್ವಿ. ಈಗೀಗ ವಾರಕ್ಕೊಮ್ಮೆ ಬೇಕಾಗ್ತೈತ್ರಿ. ತೊಟ್ಟಿ ಹಳೇದಾಗೇತಿ. ಸೀಜನ್ ಮುಗಿಲಿ, ತಳಾ ಬದಲಿ ಮಾಡಸೂದೈತಿ.’

‘ಸೋರುತ್ತಿದೆ ಎಂದು ಗೊತ್ತಿತ್ತಾ?’

ಅವರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿ, ‘ಲಗ್ನದ ಸೀಜನ್ನಾಗ ಬಂದ್ ಮಾಡಾಕ ಆಗಂಗಿಲ್ಲಲ್ರಿ’ ಎಂದರು.

ಅಲ್ಲೇ, ಅವರ ಕೈಗೇ, ಮಾದರಿ ತೆಗೆಯುತ್ತಿರುವುದರ ನೋಟಿಸು ಕೊಟ್ಟೆ. ನೀರನ್ನು ಅವರೆದುರಿಗೇ ಎರಡು ಪಾಲು ಮಾಡಿ, ಎರಡಕ್ಕೂ ಅರಗು ಹಾಕಿ, ಅವರ ಸಹಿ ಪಡೆದೆ. ಎಲ್ಲವೂ ಪುಸ್ತಕದಲ್ಲಿ ಇರಬೇಕಾದ ಹಾಗೆ ನಡೆಯಿತು. ಕೆಲಸ ಇಷ್ಟು ಚೊಕ್ಕಟವಾಗಿ ಮಾಡಲು ನನಗೆ ಬರುತ್ತದೆ ಎಂಬುದೇ ಅಂದು ನನ್ನನ್ನು ಚುಚ್ಚಿತು.

ಹಾನಿ ನಡೆಯುತ್ತಲೇ ಇದ್ದರೆ, ಕಾರಣವನ್ನು ಬರೆದಿಟ್ಟು, ಹದಿನೈದು ದಿನ ಕಾಯದೆ ಅದನ್ನು ನಿಲ್ಲಿಸುವ ಅಧಿಕಾರ ಕಾಯಿದೆಯಲ್ಲಿದೆ. ಹಿರಿಯ ಅಧಿಕಾರಿಯ ಎದುರು ಕುಳಿತು ಆ ಕಾರಣವನ್ನು ಬರೆದೆ. ತೊಟ್ಟಿಯನ್ನು ಕೂಡಲೇ ಬರಿದು ಮಾಡಬೇಕೆಂಬ ಆದೇಶ ಹೊರಟಿತು. ದಂಡದ ಮಾತಿಗೆ ಮಾತ್ರ ಬೇರೆ ನೋಟಿಸು, ಬೇರೆ ಹದಿನೈದು ದಿನ. ‘ಇದನ್ನ ಲಕೋಟಿಯಾಗ ಹಾಕಿ ಕೈಯಾಗ ಕೊಟ್ಟ ಬರ್ರಿ. ಅಲ್ಲೆ ಹಚ್ಚೂದ ಗಿಚ್ಚೂದ ಬ್ಯಾಡ,’ ಎಂದರು ಹಿರಿಯರು. ಅವರು ಹೇಳದಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ. ಅಂಟಿಸಿದರೆ ಏನಾಗುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಕಲಿತದ್ದು ಒಬ್ಬರ ಬಾಗಿಲಿನಲ್ಲಿ, ಅದರ ಲಾಭ ಸಿಕ್ಕಿದ್ದು ಇನ್ನೊಬ್ಬರಿಗೆ. ಐಸ್ ಫ್ಯಾಕ್ಟರಿಯ ಗೇಟಿಗೆ ಮರುದಿನ ಒಂದು ಬೋರ್ಡು ಬಿತ್ತು: ‘ದುರಸ್ತಿಗಾಗಿ ಬಂದ್.’ ಊರಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ವಖಾರಿಯ ಮೇಲಿನ ನೋಟಿಸನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಕಡತದಲ್ಲಿ ‘ಕೈಬಿಡಲಾಗಿದೆ’ ಎಂದು ಒಂದು ಸಾಲು ಬರೆದರೆ ಸಾಕು, ಎಲ್ಲರೂ ಹಾಗೇ ಮಾಡುತ್ತಾರೆ ಎಂದರು ಹಿರಿಯರು. ಅಂದರೆ ನೋಟಿಸು ಕೊಟ್ಟದ್ದು ಜಗತ್ತಿಗೆ ಗೊತ್ತು, ಕೈಬಿಟ್ಟದ್ದು ಕಪಾಟಿಗೆ ಮಾತ್ರ ಗೊತ್ತು. ನಾನು ಒಂದು ಹಿಂಪಡೆಯುವ ಆದೇಶವನ್ನೇ ಬರೆದು ತಂದೆ. ಬಾವಿ ಕೆಟ್ಟದ್ದಕ್ಕೂ ಈ ವಖಾರಿಗೂ ಸಂಬಂಧವಿಲ್ಲವೆಂದು ಪರೀಕ್ಷೆಯಿಂದ ತಿಳಿದುಬಂದಿದೆ ಎಂದು ಅದರಲ್ಲಿತ್ತು. ಹಿರಿಯರು ಬಹಳ ಹೊತ್ತು ನೋಡಿದರು. ‘ನಮ್ಮ ತಪ್ಪ ನಾವ ಬರದ ಕೊಟ್ಟಂಗ ಆತಲ್ರಿ ಇದು,’ ಎಂದರು. ಹೌದು ಎಂದೆ. ಸಹಿ ಹಾಕಿದರು. ವಖಾರಿಯವರಿಗೆ ಅಂಚೆಯಲ್ಲಿ ಕಳಿಸಿ, ಪುರಸಭೆಗೂ ತೋಟಗಾರರಿಗೂ ಪ್ರತಿ ಕೊಟ್ಟೆವು. ಅದರ ಫೋಟೋವನ್ನು ಯಾರೂ ತೆಗೆಯಲಿಲ್ಲ.

ತೋಟದ ಯಜಮಾನರಿಗೆ ಆ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಓದಿ ಮಡಚಿದರು.

‘ಅಂವಲ್ಲಂದ್ರ ಮತ್ತ ಯಾರ್ರಿ?’

‘ವಿಚಾರಣೆ ನಡೆಯುತ್ತಿದೆ. ಈಗ ಹೇಳುವಂತಿಲ್ಲ.’

‘ಮೇಡಮ್ಮಾರ, ಹೆಸರ ಹಚ್ಚಿದವರೂ ನೀವ. ಈಗ ಅಲ್ಲ ಅನ್ನವರೂ ನೀವ. ರೊಕ್ಕಾ ಗಿಕ್ಕಾ ಕೊಟ್ಟ ಬಿಡಿಸಿಕೊಂಡಾನ ಅಂತಾರ ಮಂದಿ. ನಾ ಏನ ನಂಬಲಿ?’

ಐಸ್ ಫ್ಯಾಕ್ಟರಿಯವರ ಹೆಸರು ನ್ಯಾಯವಾಗಿಯೇ ನನ್ನ ಬಾಯಲ್ಲಿ ಕಟ್ಟಿಬಿದ್ದಿತ್ತು. ಅವರ ಮೇಲಿದ್ದದ್ದು ಇನ್ನೂ ಆರೋಪ. ಅವರ ಹೇಳಿಕೆ ಕೇಳಬೇಕು, ಎರಡನೆಯ ಮಾದರಿಯ ವರದಿ ಬರಬೇಕು. ಅಲ್ಲಿಯತನಕ ವಖಾರಿಯವರ ಹೆಸರು ಊರಿನ ಬಾಯಲ್ಲಿ ಇದ್ದಲ್ಲೇ ಇರುತ್ತದೆ. ಒಂದು ಮಾತು ಹೇಳಿಬಿಟ್ಟರೆ ಊರಿನ ಬಾಯಿ ಐಸ್ ಫ್ಯಾಕ್ಟರಿಯ ಕಡೆ ತಿರುಗುತ್ತದೆ ಎಂದು ಗೊತ್ತಿತ್ತು. ಅದೇ ಹೆದರಿಕೆಯೂ ಆಗಿತ್ತು. ಬಾಯಿ ಮುಚ್ಚಿಕೊಂಡು ಬಂದೆ. ಅದು ಸರಿಯಾದ ನಿರ್ಧಾರ ಎಂದು ಇಂದಿಗೂ ಅನ್ನುತ್ತೇನೆ. ಅದರಿಂದ ಸಂಕಟ ಏನೂ ಕಡಿಮೆಯಾಗಿಲ್ಲ.

ಐಸ್ ಫ್ಯಾಕ್ಟರಿಯ ಪರವಾಗಿ ವಕೀಲರು ಬಂದರು, ಸಮಯ ಕೇಳಿದರು. ಕೊಟ್ಟೆವು. ಮತ್ತೆ ಕೇಳಿದರು. ಅಷ್ಟರಲ್ಲಿ ಹೊಸ ತೊಟ್ಟಿ ಕೂತಿತು. ಕೊನೆಗೆ ಅವರು ಸೋರಿಕೆಯನ್ನು ಒಪ್ಪಿಕೊಂಡು ದಂಡ ಕಟ್ಟಿದರು. ಆ ದಂಡ ಸರಕಾರದ ಖಾತೆಗೆ ಹೋಗುತ್ತದೆ, ತೋಟಕ್ಕೆ ಬರುವುದಿಲ್ಲ. ತೋಟದವರು ಪರಿಹಾರ ಬೇಕೆಂದರೆ ಬೇರೆ ಅರ್ಜಿ ಹಾಕಬೇಕು. ಹಾಕಲು ನಮ್ಮ ಸಹಾಯಕರು ಅವರಿಗೆ ನೆರವಾದರು. ಅದು ಇನ್ನೂ ನಡೆದಿದೆ.

ಅಂತಿಮ ಆದೇಶಕ್ಕೆ ಸಹಿ ಬಿದ್ದ ದಿನ ಅದರ ಪ್ರತಿ ಹಿಡಿದು ತೋಟಕ್ಕೆ ಹೋದೆ. ಬಳ್ಳಿಗಳನ್ನೆಲ್ಲ ಕಿತ್ತು ಬದುವಿನ ಮೇಲೆ ಒಟ್ಟಿದ್ದರು. ಹಿಂಭಾಗದಲ್ಲಿ, ಮಳೆನೀರು ನಿಲ್ಲುವ ತಗ್ಗಿನ ಕಡೆ, ಕೆಲವು ಸಾಲು ಮಾತ್ರ ಉಳಿದಿದ್ದವು. ಯಜಮಾನರಿಗೆ ಆದೇಶವನ್ನು ಓದಿ ಹೇಳಿದೆ. ಐಸ್ ಫ್ಯಾಕ್ಟರಿ ಎಂದಾಗ ಅವರು ತಲೆಯೆತ್ತಿ ರಸ್ತೆಯಾಚೆಯ ಏರಿನ ಕಡೆ ನೋಡಿದರು.

‘ಇದನ್ನ ಅವತ್ತ ಹೇಳಬೇಕಿತ್ತಲ್ರಿ.’

‘ಹೇಳುವಂತಿರಲಿಲ್ಲ. ಅವರ ಮಾತು ಕೇಳದೆ ಹೆಸರು ಹೇಳುವಂತಿಲ್ಲ.’

‘ಇವನ ಹೆಸರ ಹೇಳಾಕ ಬಂತಲ್ಲ.’

ಸಿಟ್ಟಿನಿಂದ ಹೇಳಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದಂತೆ ಇತ್ತು. ನಾನು ಆದೇಶವನ್ನು ಮಡಚುತ್ತ ನಿಂತೆ. ಅವರ ಹೆಂಡತಿ ಬಂದು, ‘ವಖಾರಿ ಭಾಯಿ ಮನಿಗೆ ಹೋಗಿ ಬರ್ರಿ. ಇವರ ಒಬ್ಬರ ಹೋಗೂದಿಲ್ಲ, ನೀವೂ ಹೋಗ್ರಿ’ ಎಂದು ನನಗೆ ಹೇಳಿದರು. ಯಜಮಾನರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದರು.

ವಖಾರಿಯ ಮುಂದೆಯೇ ಹಾದು ಹೋದೆವು. ಅಲ್ಲಿ ಈಗ ಗೊಬ್ಬರದ ಅಂಗಡಿ, ಬಾಗಿಲಿಗೆ ಹೊಸ ಬಣ್ಣ. ಮನೆಯಲ್ಲಿ ಅವರಿದ್ದರು. ವ್ಯಾಪಾರ ಬಿಟ್ಟು ಬಂಕಾಪುರದ ವ್ಯಾಪಾರಿಯ ಬಳಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ ಎಂದರು, ಅಂದು ರಜೆಯಂತೆ. ಹೆಂಡತಿ ಚಾಪೆ ಹಾಸಿದರು. ಕೂತೆವು. ನಾನು ಆದೇಶದ ಪ್ರತಿಯನ್ನು ಕೊಟ್ಟೆ. ಅವರು ಓದಿದರು, ಮೊದಲ ಪುಟ ಮಾತ್ರ, ಮತ್ತೆ ನನಗೇ ವಾಪಸು ಕೊಟ್ಟರು. ಯಜಮಾನರು ಚಾಪೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು.

ಕೊನೆಗೆ ವಖಾರಿಯವರೇ ಕೇಳಿದರು: ‘ಬಳ್ಳಿ ಏನರ ಉಳದಾವೇನು?’

‘ಹಿಂದಿನ ತಗ್ಗಿನಾಗ ಮೂರ್ನಾಕ ಸಾಲ.’

‘ಬೀಜದ ಬಳ್ಳಿಗೆ ಸಾಕಾಕ್ಕಾವು?’

‘ಆಕ್ಕಾವ ಅನ್ನಸ್ತೈತಿ. ಬಾವಿ ನೀರ ಇನ್ನೂ ಸಿಹಿ ಆಗಿಲ್ಲ.’

‘ಒಂದೆರಡ ಮಳಿಗಾಲ ಹೋಗಬೇಕು.’

ಹೀಗೆ ಬಳ್ಳಿಯ ಮಾತು, ನೀರಿನ ಮಾತು ಆಡಿದರು. ಆ ಮಾತಿನಲ್ಲಿ ಕ್ಷಮಿಸು ಎಂಬುದೂ ಇರಲಿಲ್ಲ, ಕ್ಷಮಿಸಿದೆ ಎಂಬುದೂ ಇರಲಿಲ್ಲ. ಚಹಾ ಬಂತು. ನಾನು ಕುಡಿದೆ. ನನ್ನಿಂದ ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದ ಮಾತನ್ನು ಆಗ ಹೇಳಿದೆ. ಅವರು ಕೇಳಿಸಿಕೊಂಡರು. ಆಗಲಿ ಎನ್ನಲಿಲ್ಲ, ಇರಲಿ ಬಿಡಿ ಎನ್ನಲಿಲ್ಲ.

ಯಜಮಾನರು ಇನ್ನೂ ಕೂತಿದ್ದರು. ನಾನು ಎದ್ದಾಗ ವಖಾರಿಯವರು ಬಾಗಿಲತನಕ ಬಂದರು. ದನಿಯಲ್ಲಿ ಮರ್ಯಾದೆ ಹಾಗೆಯೇ ಇತ್ತು.

‘ಮೇಡಮ್ಮಾರ, ಅನುಮತಿ ಪತ್ರದ್ದೋ ಏನೋ, ಮುಂದ ನನ್ನ ಹೆಸರಲೆ ಏನಾರ ಕಾಗದ ಬರೂದಿದ್ರ ಒಂದ ಫೋನ್ ಮಾಡ್ರಿ. ಎಲ್ಲಿ ಇದ್ರೂ ನಾನ ಬಂದ ತಗೊಂಡ ಹೋಗ್ತೇನಿ. ಬಾಗಲಿಗೆ ಹಚ್ಚಬ್ಯಾಡ್ರಿ.’

ಇನ್ನು ಯಾವ ಕಾಗದವೂ ಬರುವುದಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳುವ ಧೈರ್ಯವಾಗಲಿಲ್ಲ. ಫೋನ್ ಮಾಡುತ್ತೇನೆ ಎಂದೆ.